ಹುಳ ಹಿಡಿದರೆ ದುಡ್ಡು ಕೊಡುವವರು ಯಾರು?

ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಹಳ್ಳಿಗೆ ಬಂದು ತಿಂಗಳುಗಟ್ಟಲೆ ಉಳಿಯುವುದನ್ನು ನೀವು ನೋಡಿರಬಹುದು. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ರೈತರನ್ನು ಕೂರಿಸಿಕೊಂಡು ಬೀಜೋಪಚಾರ ಮಾಡಿ ತೋರಿಸುತ್ತಾರೆ. ಮೆಕ್ಕೆಜೋಳದ ಹೊಲದಲ್ಲಿ ಕೀಟಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುತ್ತಾರೆ. ಎರಡು ದಿನ ಬಿಟ್ಟು ಪೇಪರ್‌ನ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ಇದರ ಪೂರ್ತಿ ಹೆಸರು ಗ್ರಾಮೀಣ ಕೃಷಿ ಕಾರ್ಯಾನುಭವ, ಇಂಗ್ಲಿಷಿನಲ್ಲಿ ಚಿಕ್ಕದಾಗಿ RAWE. ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ‘ರಾವೆ’.

ಕೀಟಗಳ ಬಗ್ಗೆ ಕಲಿಯುವವರಿಗೆ ದುಡ್ಡು ಕೊಡುವ ಇಂಟರ್ನ್‌ಶಿಪ್ ಎಲ್ಲೆಲ್ಲಿ ಇದೆ ಅಂತ ಹುಡುಕಲು ಹೊರಟರೆ, ಈ ರಾವೆ ಕೂಡ ಒಂದು ಪೇಯ್ಡ್ ಇಂಟರ್ನ್‌ಶಿಪ್ಪೇ. 2015ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮ ಶುರುವಾಯಿತು. ಅದರಡಿ ವಿದ್ಯಾರ್ಥಿಗೆ ಆರು ತಿಂಗಳು, ತಿಂಗಳಿಗೆ 3,000 ರೂಪಾಯಿ ಸ್ಟೈಪೆಂಡ್. ದೊಡ್ಡ ಮೊತ್ತವೇನಲ್ಲ. ಆದರೆ ಇದಕ್ಕೆ ಅರ್ಜಿ ಬೇಡ, ಸಂದರ್ಶನ ಬೇಡ, ಯಾರಿಗೂ ಮೇಲ್ ಬರೆಯಬೇಕಿಲ್ಲ. ಕೋರ್ಸಿನ ಜೊತೆಗೇ ಬರುತ್ತದೆ.

ಅದೇ ತಾಲೂಕಿನ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಓದುವ ಹುಡುಗಿಗೆ ಈ ಭಾಗ್ಯ ಇಲ್ಲ. ಅವಳೂ ಕೀಟಗಳನ್ನೇ ಓದುತ್ತಾಳೆ. ಜಿರಳೆಯ ಬಾಯಿಯ ಭಾಗಗಳನ್ನು ಬಿಡಿಸಿಟ್ಟು ರೆಕಾರ್ಡ್ ಬುಕ್‌ನಲ್ಲಿ ಚಿತ್ರ ಬರೆಯುತ್ತಾಳೆ. ಆದರೆ ಅವಳ ಕೋರ್ಸಿನ ಜೊತೆ ಯಾವ ದುಡ್ಡೂ ಬರುವುದಿಲ್ಲ. ಬೇಕಿದ್ದರೆ ಅವಳೇ ಹುಡುಕಿಕೊಳ್ಳಬೇಕು.

ಕೀಟಶಾಸ್ತ್ರದ ಇಂಟರ್ನ್‌ಶಿಪ್ ಬಗ್ಗೆ ನನ್ನನ್ನು ಕೇಳುವವರು ಮೊದಲು ಕೇಳುವುದು "ಸರ್, ಸ್ಟೈಪೆಂಡ್ ಎಷ್ಟು ಕೊಡ್ತಾರೆ?" ಅಂತ. ನಾನು ತಿರುಗಿ ಕೇಳುವುದು "ಕೊಡೋರು ಯಾರಪ್ಪ, ಯಾಕೆ ಕೊಡ್ತಾರೆ?" ಅಂತ. ದುಡ್ಡು ಯಾವ ಜೇಬಿನಿಂದ ಬರುತ್ತದೆ ಅನ್ನುವುದು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಯಾವಾಗ ಅರ್ಜಿ ಹಾಕಬೇಕು, ಏನು ಕೆಲಸ ಮಾಡಬೇಕು, ಕೊನೆಗೆ ಕೈಗೆ ಏನು ಸಿಗುತ್ತದೆ, ಎಲ್ಲವೂ.

ಒಂದು ಜೇಬು ರಾವೆಯದ್ದು, ಅದನ್ನು ನೋಡಿದೆವು. ಎರಡನೆಯದು ಬೇಸಿಗೆ ಫೆಲೋಶಿಪ್‌ಗಳದ್ದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಇದೆಯಲ್ಲ, ಅದು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಪ್ರತಿ ವರ್ಷ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಸ್ಟೈಪೆಂಡ್ ಜೊತೆ ಹೋಗಿಬರುವ ರೈಲಿನ ಖರ್ಚೂ ಸಿಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್‌ನಲ್ಲೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಇದೆ. ಇಲ್ಲಿ ದುಡ್ಡು ಕೊಡುವವರ ಉದ್ದೇಶ ನಿಮ್ಮಿಂದ ಕೆಲಸ ತೆಗೆಸುವುದಲ್ಲ, ನಿಮಗೆ ಸಂಶೋಧನೆಯ ರುಚಿ ಹತ್ತಿಸುವುದು. ಹಾಗಾಗಿ ತಪ್ಪು ಮಾಡಲು ಜಾಗ ಇರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ದುಡ್ಡು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಬಹಳ ಜನ ಎಡವುವುದು ದಿನಾಂಕದಲ್ಲಿ. ಬೇಸಿಗೆಯ ಕೆಲಸಕ್ಕೆ ಅರ್ಜಿ ಚಳಿಗಾಲದಲ್ಲೇ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಹುಡುಕಲು ಕೂತರೆ ಬಾಗಿಲು ಹಾಕಿ ತಿಂಗಳುಗಳೇ ಆಗಿರುತ್ತವೆ. ದಸರಾ ರಜೆ ಮುಗಿಯುತ್ತಿದ್ದಂತೆ ಹುಡುಕಾಟ ಶುರು ಮಾಡಿಕೊಳ್ಳಿ.

ದಿನಾಂಕದ ಮಾತು ಬಂತಲ್ಲ, ಈ ವಿಷಯದಲ್ಲೇ ಇನ್ನೊಂದು ಗಂಟು ಇದೆ. ಕಾಲೇಜಿಗೆ ರಜೆ ಸಿಗುವುದು ಬೇಸಿಗೆಯಲ್ಲಿ. ಹೊರಗೆ ಕೀಟಗಳು ಜಾಸ್ತಿ ಸಿಗುವುದು ಮಳೆ ಬಿದ್ದ ಮೇಲೆ. ಮುಂಗಾರು ಹಿಡಿದು, ಬೆಳೆ ಮೊಳಕಾಲೆತ್ತರ ಬಂದು, ಹುಳು ಸುಳಿಗೆ ಇಳಿಯುವ ಹೊತ್ತಿಗೆ ನೀವು ಮತ್ತೆ ಕ್ಲಾಸಿನ ಬೆಂಚಿನ ಮೇಲೆ ಕೂತಿರುತ್ತೀರಿ. ಬೇಸಿಗೆ ಇಂಟರ್ನ್‌ಶಿಪ್‌ಗಳಲ್ಲಿ ಹೆಚ್ಚಿನವು ಲ್ಯಾಬಿನಲ್ಲಿ ಸಾಕುವ ಕೀಟಗಳ ಮೇಲೇ ಇರುವುದಕ್ಕೆ ಇದೂ ಒಂದು ಕಾರಣ. ಹಣ್ಣಿನ ಮೇಲೆ ಹಾರಾಡುವ ಡ್ರೊಸೊಫಿಲಾ ನೊಣ, ಸೊಳ್ಳೆ, ರೇಷ್ಮೆ. ಇವಕ್ಕೆ ಹೊರಗಿನ ಹವೆಯ ಹಂಗು ಕಡಿಮೆ.

ಹಾಗಂತ ಬೇಸಿಗೆಯಲ್ಲಿ ಹೊಲ ತೋಟಗಳಲ್ಲಿ ಏನೂ ಸಿಗುವುದಿಲ್ಲ ಅಂದುಕೊಳ್ಳಬೇಡಿ. ಮಾವಿನ ಹಣ್ಣು ನೊಣದ ಕಾಟ ಸರಿಯಾಗಿ ಏಪ್ರಿಲ್‌ನಿಂದ ಜೂನ್ ತನಕ. ಮಿಥೈಲ್ ಯೂಜಿನಾಲ್ ಅನ್ನುವ ವಾಸನೆಯ ರಾಸಾಯನಿಕ ಹಾಕಿದ ಬಲೆಗೆ ಗಂಡು ನೊಣಗಳು ಬಂದು ಬೀಳುತ್ತವೆ. ವಾರಕ್ಕೊಮ್ಮೆ ಬಲೆ ಬಿಚ್ಚಿ ಎಣಿಸಬೇಕು. ಕಾಫಿಯ ಬಿಳಿ ಕಾಂಡಕೊರಕದ ದುಂಬಿ ಹೊರಬಂದು ಹಾರುವ ಕಾಲಗಳಲ್ಲಿ ಒಂದು ಏಪ್ರಿಲ್-ಮೇ, ಇನ್ನೊಂದು ಅಕ್ಟೋಬರ್‌ನಿಂದ ಡಿಸೆಂಬರ್. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಗೊಣ್ಣೆಹುಳುವಿನ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಕ್ಕೆ ಮುಗಿಬೀಳುತ್ತವೆ. ಆ ಸಂಜೆ ಟಾರ್ಚ್ ಮತ್ತು ಬಕೆಟ್ ಹಿಡಿದು ಮರದ ಕೆಳಗೆ ನಿಂತು ಕೊಂಬೆ ಅಲ್ಲಾಡಿಸಿದವರಿಗೆ ಗೊತ್ತು, ತಲೆ ಮೇಲೆ ಕಡಲೆಕಾಳು ಸುರಿದ ಹಾಗೆ ಟಪಟಪ ಉದುರುತ್ತವೆ. ನೀವು ಕಲಿಯಬೇಕೆಂದಿರುವ ಕೀಟ ಯಾವ ತಿಂಗಳು ಏನು ಮಾಡುತ್ತಿರುತ್ತದೆ ಅನ್ನುವುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಂಟರ್ನ್‌ಶಿಪ್ ಹುಡುಕುವುದು ಆಮೇಲೆ.

ಮೂರನೇ ಜೇಬು ಪ್ರಾಜೆಕ್ಟ್ ದುಡ್ಡಿನದ್ದು. ಇದು ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಹೊಸದೊಂದು ಹುಳು ಸಿಕ್ಕಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗುರುತು. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಲ್ಲಿನ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು ಅದನ್ನು ಫಾಲ್ ಸೈನಿಕ ಹುಳು ಅಂತ ಗುರುತಿಸಿದರು. ಅಮೆರಿಕ ಖಂಡದ ಹುಳು, ಆಫ್ರಿಕಾವನ್ನು ಹಾಯ್ದು ನಮ್ಮಲ್ಲಿಗೆ ಬಂದಿತ್ತು. ಭಾರತದಲ್ಲಿ ಕಂಡಿದ್ದು ಅದೇ ಮೊದಲು. ವರ್ಷ ತುಂಬುವಷ್ಟರಲ್ಲಿ ದೇಶದ ಹೆಚ್ಚಿನ ರಾಜ್ಯಗಳಿಗೆ ಹಬ್ಬಿತು.

ಹೊಸ ಹುಳ ಬಂತು ಅಂದರೆ ಸರ್ಕಾರಕ್ಕೆ ಉತ್ತರ ಬೇಕು. ಎಲ್ಲೆಲ್ಲಿ ಇದೆ? ಎಕರೆಗೆ ಎಷ್ಟು? ಅದನ್ನು ತಿನ್ನುವ ಶತ್ರು ಕೀಟ ನಮ್ಮಲ್ಲಿ ಇದೆಯಾ? ಉತ್ತರ ಹುಡುಕಲು ಪ್ರಾಜೆಕ್ಟ್ ಮಂಜೂರಾಗುತ್ತದೆ. ಪ್ರಾಜೆಕ್ಟ್‌ನಲ್ಲಿ ವಿಜ್ಞಾನಿ ಒಬ್ಬರೋ ಇಬ್ಬರೋ, ಆದರೆ ಎಣಿಸಬೇಕಾದ ಗಿಡ ಸಾವಿರಾರು. ಅಲ್ಲಿ ಬೇಕಾಗುತ್ತದೆ ಕೈ. ಆ ಕೈ ನಿಮ್ಮದು.

ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ಕೆಲಸ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯದ ಹಿಟ್ಟುತಿಗಣೆ ಕಾಣಿಸಿಕೊಂಡು ತೋಟಗಳನ್ನೇ ಬಿಳಿ ಮಾಡಿಬಿಟ್ಟಿತು. 2010ರಲ್ಲಿ ಪೋರ್ಟೊ ರಿಕೊದಿಂದ ಅದರ ಪರತಂತ್ರ ಕಣಜಗಳನ್ನು, ಅಂದರೆ ಹಿಟ್ಟುತಿಗಣೆಯ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಕಣಜಗಳನ್ನು, ತರಿಸಿದರು. ಸಾಸಿವೆ ಕಾಳಿಗಿಂತ ಸಣ್ಣ ಕಣಜ ಅದು. ಬೆಂಗಳೂರಿನಲ್ಲಿ ಸಾಕಿ, ಸಂಖ್ಯೆ ಹೆಚ್ಚಿಸಿ, ರಾಜ್ಯ ರಾಜ್ಯಕ್ಕೆ ಹಂಚಿದರು. ಹಿಟ್ಟುತಿಗಣೆ ಹತೋಟಿಗೆ ಬಂತು. ಕೇಳಲು ಸಲೀಸು. ಆದರೆ ಕಣಜ ಸಾಕಬೇಕು ಅಂದರೆ ಮೊದಲು ಹಿಟ್ಟುತಿಗಣೆ ಸಾಕಬೇಕು. ಹಿಟ್ಟುತಿಗಣೆ ಸಾಕಲು ಮೊಳಕೆ ಬಂದ ಆಲೂಗಡ್ಡೆಯಂಥದ್ದೇನಾದರೂ ಬೇಕು. ಆ ಆಲೂಗಡ್ಡೆ ಕೊಳೆಯದ ಹಾಗೆ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ಜೈವಿಕ ಹತೋಟಿಯ ಲ್ಯಾಬಿನಲ್ಲಿ ಇಂಟರ್ನ್ ಆಗುವುದು ಅಂದರೆ ಎಷ್ಟೋ ದಿನ ಆಲೂಗಡ್ಡೆ ಕಾಯುವುದು.

ಈ ಜೇಬಿನ ಒಂದು ತೊಂದರೆ ಅಂದರೆ, ನಿಯಮದ ಪ್ರಕಾರ ದುಡ್ಡು ಹೆಚ್ಚಾಗಿ ಪದವಿ ಮುಗಿಸಿದವರಿಗೇ. ಎಂ.ಎಸ್‌ಸಿ. ಆಗಿ ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಪಾಸಾದರೆ ಜೂನಿಯರ್ ರಿಸರ್ಚ್ ಫೆಲೊ ಆಗಬಹುದು. 2023ರ ಜನವರಿಯಿಂದ ಅದಕ್ಕೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಇನ್ನೂ ಓದುತ್ತಿರುವವರನ್ನು ತೆಗೆದುಕೊಳ್ಳುವ ವಿಜ್ಞಾನಿಗಳು ಪ್ರಾಜೆಕ್ಟ್‌ನ ಬೇರೆ ಖಾತೆಯಿಂದ ಸ್ವಲ್ಪ ಹೊಂದಿಸಿ ಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ದರೆ ಜಿಪುಣರು ಅಂತಲ್ಲ. ಆ ಖಾತೆಯಲ್ಲಿ ದುಡ್ಡೇ ಇರುವುದಿಲ್ಲ, ಅಷ್ಟೆ. ಸಂಕೋಚ ಬಿಟ್ಟು ಮೊದಲೇ ಕೇಳಿಬಿಡಿ.

ಇನ್ನು ಕೆಲಸ ಏನಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಡ್ರೊಸೊಫಿಲಾ ನೊಣದ ಲ್ಯಾಬು. ಗಾಜಿನ ಬಾಟಲಿಯ ತಳದಲ್ಲಿ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಬೇಯಿಸಿ ಹಾಕಿದ ಗಂಜಿ. ಬಾಯಿಗೆ ಹತ್ತಿಯ ಮುಚ್ಚಳ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು ಹತ್ತು ದಿನ. ಪ್ರಯೋಗಕ್ಕೆ ಗಂಡಿನ ಜೊತೆ ಇನ್ನೂ ಸೇರದ ಹೆಣ್ಣು ನೊಣ ಬೇಕು. ಕೋಶದಿಂದ ಹೊರಬಂದ ಹೆಣ್ಣು ಸುಮಾರು ಎಂಟು ಗಂಟೆಯೊಳಗೆ ಗಂಡಿಗೆ ಒಲಿಯುವುದಿಲ್ಲ. ಅಷ್ಟರಲ್ಲಿ ಅದನ್ನು ಬೇರ್ಪಡಿಸಬೇಕು. ನೊಣಗಳು ಜಾಸ್ತಿ ಹೊರಬರುವುದು ಬೆಳಗಾಗುವ ಹೊತ್ತಿಗೆ. ಹಾಗಾಗಿ ನೀವು ಬೆಳಿಗ್ಗೆ ಏಳಕ್ಕೇ ಲ್ಯಾಬಿನಲ್ಲಿರಬೇಕು.

ಬಾಟಲಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ನೊಣಗಳಿಗೆ ಮತ್ತು ಬರುತ್ತದೆ. ಬಿಳಿ ಪ್ಯಾಡಿನ ಮೇಲೆ ಸುರಿದು, ಮೈಕ್ರೊಸ್ಕೋಪಿನಡಿ ಸಣ್ಣ ಪೇಂಟ್ ಬ್ರಷ್‌ನಿಂದ ಒಂದೊಂದೇ ಸರಿಸುತ್ತೀರಿ. ಹೊಟ್ಟೆಯ ತುದಿ ಕಪ್ಪಗೆ ದುಂಡಗಿದ್ದರೆ ಗಂಡು. ಚೂಪಾಗಿ ಪಟ್ಟೆ ಪಟ್ಟೆ ಇದ್ದರೆ ಹೆಣ್ಣು. ಆಗಷ್ಟೇ ಹುಟ್ಟಿದವು ಮಾಸಲು ಬಣ್ಣ, ಮುದುಡಿದ ರೆಕ್ಕೆ, ಹೊಟ್ಟೆಯಲ್ಲೊಂದು ಗಾಢ ಚುಕ್ಕೆ. ಗಂಡಿನ ಮುಂಗಾಲಿನಲ್ಲಿ ಪುಟ್ಟ ಬಾಚಣಿಗೆ ಇರುತ್ತದೆ. ಮೊದಲ ವಾರ ಅದು ಕಾಣುವುದೇ ಇಲ್ಲ. ಎರಡನೇ ವಾರ ಅದು ಕಾಣದೆ ಇರುವುದೇ ಇಲ್ಲ. ಒಂದೇ ಒಂದು ಗಂಡು ನೊಣ ತಪ್ಪಿ ಹೆಣ್ಣುಗಳ ಬಾಟಲಿಗೆ ಸೇರಿಕೊಂಡರೆ ಆ ಬಾಟಲಿ ಪೂರ್ತಿ ದಂಡ. ಐದಾರು ದಿನ ಬಿಟ್ಟು ಗಂಜಿಯಲ್ಲಿ ಮರಿಹುಳ ಆಡುವುದನ್ನು ನೋಡಿದಾಗ ನಿಮ್ಮ ತಪ್ಪು ನಿಮಗೇ ಗೊತ್ತಾಗುತ್ತದೆ. ಬೇರೆಯವರು ಬೈಯುವ ಅಗತ್ಯ ಬೀಳುವುದಿಲ್ಲ.

ಕೀಟ ಸಂಗ್ರಹಾಲಯದ ಕೆಲಸ ಇದಕ್ಕಿಂತ ತಣ್ಣಗಿನದು. ದುಂಬಿಗೆ ಪಿನ್ ಚುಚ್ಚುವುದು ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ. ಎಡಗಡೆ ಹಾಳಾಗದೆ ಉಳಿಯಲಿ ಅಂತ. ಇರುವೆಯಷ್ಟು ಸಣ್ಣದಾದರೆ ಪಿನ್ ಬೇಡ, ತ್ರಿಕೋನದ ಕಾಗದದ ತುದಿಗೆ ಅಂಟಿಸುತ್ತಾರೆ. ಕೆಳಗೆ ಚಿಕ್ಕ ಚೀಟಿ: ಯಾವ ಊರು, ಯಾವ ದಿನ, ಹಿಡಿದವರು ಯಾರು. ಚೀಟಿ ಕಳೆದುಹೋದರೆ ಆ ಕೀಟದ ಬೆಲೆ ಕಿಟಕಿಯಲ್ಲಿ ಬಿದ್ದ ಸತ್ತ ಹುಳದಷ್ಟೇ. ಪೆಟ್ಟಿಗೆಯ ಮೂಲೆಯಲ್ಲಿ ನುಸಿಗುಳಿಗೆ ಇಡುತ್ತಾರೆ. ಸತ್ತ ಕೀಟಗಳನ್ನು ತಿನ್ನಲು ಬೇರೆ ಕೀಟಗಳು ಬರುತ್ತವಲ್ಲ, ಅದಕ್ಕೆ!

ರೇಷ್ಮೆಯ ಕೆಲಸಕ್ಕೆ ಹೋಗುವವರಿಗೆ ಒಂದು ಅನುಕೂಲ ಇದೆ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯವರಾದರೆ ಅರ್ಧ ವಿದ್ಯೆ ಮನೆಯಲ್ಲೇ ಬಂದಿರುತ್ತದೆ. ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿ ‘ಮೌಲ್ಟಿಂಗ್’ ಅಂದಾಗ ಉಳಿದವರು ನೋಟ್ಸ್ ತೆಗೆಯುತ್ತಾರೆ. ನಿಮಗೆ ಅದು ಅಪ್ಪ ಹೇಳುವ ‘ಜ್ವರ’ ಅಂತ ಗೊತ್ತಿರುತ್ತದೆ. ಹುಳ ಮೇಯುವುದು ನಿಲ್ಲಿಸಿ, ತಲೆ ಎತ್ತಿ ಸುಮ್ಮನೆ ಕೂತು, ಹಳೇ ಚರ್ಮ ಬಿಡುತ್ತದೆ. ನಾಲ್ಕು ಜ್ವರ ಕಳೆದ ಮೇಲೆ ಕೊನೆಯ ಹಂತದಲ್ಲಿ ಅದು ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತದೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತು ಯಾವುದು ಅಂತ ಕಣ್ಣಳತೆಯಲ್ಲೇ ಹೇಳುವವರು ಅರ್ಜಿಯಲ್ಲಿ ಅದನ್ನು ಬರೆಯುವುದೇ ಇಲ್ಲ. "ಅದೇನ್ ದೊಡ್ಡ ವಿಷ್ಯ ಸರ್" ಅಂತಾರೆ. ಬರೆಯಿರಿ. ಅದೇ ದೊಡ್ಡ ವಿಷಯ.

ನಾಲ್ಕನೇ ಜೇಬು ಕಂಪನಿಗಳದ್ದು. ಕೀಟನಾಶಕ, ಬೀಜ, ಜೈವಿಕ ಹತೋಟಿ, ಮನೆ-ಗೋದಾಮುಗಳ ಪೆಸ್ಟ್ ಕಂಟ್ರೋಲ್. ಇಲ್ಲಿ ಕೈಗೆ ಬರುವುದು ಬೇರೆಡೆಗಿಂತ ಜಾಸ್ತಿಯೇ ಇರಬಹುದು, ಆದರೆ ಕೆಲಸವೂ ಕಂಪನಿಗೆ ಬೇಕಾದ್ದೇ. ಮೆಣಸಿನಕಾಯಿ ಹೊಲದಲ್ಲಿ ಔಷಧಿ ಪ್ರಯೋಗ ನಡೆಯುತ್ತಿದೆ ಅಂದುಕೊಳ್ಳಿ. ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿ ಎಷ್ಟು ನುಸಿ (ಥ್ರಿಪ್ಸ್) ಬಿತ್ತು ಎಣಿಸಬೇಕು. ಔಷಧಿ ಹೊಡೆಯುವ ಮುಂಚೆ ಒಮ್ಮೆ, ಮೂರು ದಿನ ಬಿಟ್ಟು, ಏಳು ದಿನ ಬಿಟ್ಟು. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿಯನ್ನು ಬೋಳು ಮಾಡಿದ ಕಪ್ಪು ನುಸಿ ಗೊತ್ತಲ್ಲ? ಅದು 2015ರಲ್ಲೇ ಬೆಂಗಳೂರಿನ ಪಪ್ಪಾಯ ಗಿಡದಲ್ಲಿ ಸಿಕ್ಕಿ ದಾಖಲಾಗಿತ್ತು. ಕಣ್ಣಿಗೆ ಕಷ್ಟಪಟ್ಟು ಕಾಣುವ ಆ ನುಸಿಯನ್ನು ಬೇರೆ ನುಸಿಯಿಂದ ಬಿಡಿಸಿ ಗುರುತಿಸಲು ಬರುವವರಿಗೆ ಕಂಪನಿಯಲ್ಲೂ ಬೆಲೆ ಇದೆ, ಸರ್ಕಾರಿ ಲ್ಯಾಬಿನಲ್ಲೂ ಬೆಲೆ ಇದೆ. ಕಂಪನಿಗೆ ಹೋಗುವವರು ಇನ್ನೊಂದನ್ನೂ ಕೇಳಿಕೊಳ್ಳಿ: ಕೈಗವಸು, ಮಾಸ್ಕ್ ಕೊಡ್ತಾರಾ, ಔಷಧಿ ಹೊಡೆದ ಎಷ್ಟು ಹೊತ್ತಿನ ಮೇಲೆ ಹೊಲಕ್ಕೆ ಇಳಿಯಬೇಕು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆ ತುಂಬಾ ಜನ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಅದರಲ್ಲಿ ತಿಂಗಳಿಗೆ 5,000 ರೂಪಾಯಿ, ಒಂದು ಸಲದ ನೆರವು 6,000, ಅವಧಿ 12 ತಿಂಗಳು, ವಯಸ್ಸು 21ರಿಂದ 24. ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಅದು ಇರಲಿಲ್ಲ. ಕಾಲೇಜಿನಲ್ಲಿ ಇರುವಾಗಲೇ ಬೇಸಿಗೆಯಲ್ಲಿ ಮಾಡಿ ಮುಗಿಸೋಣ ಅನ್ನುವವರ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ.

ಅಮೆರಿಕದ ಸುದ್ದಿಯೂ ಹೀಗೇ. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ 1987ರಿಂದ ಡಿಗ್ರಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನೆಯ ದುಡ್ಡು ಕೊಡುತ್ತಿದೆ. ಕೀಟಗಳ ಮೇಲಿನ ಕೆಲಸವೂ ಅದರಲ್ಲಿ ಇರುತ್ತದೆ. ಆದರೆ ಆ ದುಡ್ಡು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ಹಾಕಬಹುದು, ಇಲ್ಲಿಂದ ಹಾಕಿದರೆ ಸಮಯ ದಂಡ.

ಇಷ್ಟೆಲ್ಲ ಹೇಳಿ ಐದನೇ ಜೇಬಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅದು ನಿಮ್ಮದೇ ಜೇಬು. ‘ಇಂಟರ್ನ್‌ಶಿಪ್ ಕಮ್ ಟ್ರೈನಿಂಗ್’ ಅಂತ ಹೆಸರಿಟ್ಟು ನಿಮ್ಮಿಂದಲೇ ದುಡ್ಡು ಕಟ್ಟಿಸಿಕೊಳ್ಳುವವರಿದ್ದಾರೆ. ನಾನೂ ಒಮ್ಮೆ ಕಟ್ಟಿದ್ದೇನೆ. ಒಂದು ತಿಂಗಳು ಒಂದು ಖಾಸಗಿ ಲ್ಯಾಬಿನಲ್ಲಿ ಬಾಟಲಿ ತೊಳೆದೆ, ಒಂದು ಕೀಟವನ್ನೂ ಮುಟ್ಟಲಿಲ್ಲ, ಬಣ್ಣದ ಸರ್ಟಿಫಿಕೇಟ್ ತಂದೆ. ಅದರಲ್ಲಿ ನನ್ನ ಹೆಸರಿನ ಸ್ಪೆಲಿಂಗ್ ಕೂಡ ತಪ್ಪು. ಶುಲ್ಕ ಪಡೆಯುವ ತರಬೇತಿ ಎಲ್ಲವೂ ಮೋಸ ಅಲ್ಲ. ಜೇನು ಸಾಕಣೆಯಂಥದ್ದಕ್ಕೆ ವಾರದ ತರಬೇತಿಗೆ ದುಡ್ಡು ಕೊಟ್ಟು ಹೋಗುವುದು ನ್ಯಾಯವೇ. ಆದರೆ ಅದನ್ನು ತರಬೇತಿ ಅನ್ನಬೇಕು, ಇಂಟರ್ನ್‌ಶಿಪ್ ಅನ್ನಬಾರದು.

ಕೊನೆಗೆ ಮೇಲ್ ಬರೆಯುವ ವಿಷಯ. "ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಲ್ಯಾಬ್" ಅಂತ ಅರವತ್ತು ಜನರಿಗೆ ಒಂದೇ ಸಲ ಕಳಿಸಿದರೆ ಅರವತ್ತು ಜನರೂ ಓದುವುದಿಲ್ಲ. ಅದರಲ್ಲಿ ಅರ್ಧ ಜನ ಮೇಡಂಗಳು ಬೇರೆ. ಒಬ್ಬರಿಗೆ ಬರೆಯಿರಿ, ಅವರ ಒಂದು ಪೇಪರ್ ಓದಿ ಬರೆಯಿರಿ, ಕೀಟದ ಹೆಸರು ಹಾಕಿ ಬರೆಯಿರಿ. "ನಮ್ಮ ಅಡಿಕೆ ತೋಟದಲ್ಲಿ ಬೇರುಹುಳು ಇದೆ. ಹೋದ ಮೂರು ವರ್ಷ ದುಂಬಿ ಎದ್ದ ದಿನ ಮತ್ತು ಮಳೆ ಬಿದ್ದ ದಿನ ಬರೆದಿಟ್ಟಿದ್ದೇನೆ" ಅಂತ ಇಂಗ್ಲಿಷಿನಲ್ಲಿ ತಪ್ಪುತಪ್ಪಾಗಿ ಬರೆದರೂ ಪರವಾಗಿಲ್ಲ. ಅಂಥ ಮೇಲ್‌ಗೆ ಉತ್ತರ ಬರದೆ ಇರುವುದು ಅಪರೂಪ. ಇಂಟರ್ನ್‌ಗಳಿಗೆ ಕಲಿಸಲು ಕಷ್ಟವಾದ ಒಂದೇ ಅಭ್ಯಾಸ ಅದು, ದಿನಾ ನೋಡಿ ಬರೆದಿಡುವುದು. ಅದು ನಿಮಗೆ ಆಗಲೇ ಇದೆ ಅಂತ ಓದಿದವರಿಗೆ ಗೊತ್ತಾಗುತ್ತದೆ.

ಆಯ್ಕೆಯಾಯಿತು ಅಂದ ಮೇಲೆ ಕೇಳಬೇಕಾದ ಮೂರು ಮಾತು ಇವೆ. ದುಡ್ಡು ತಿಂಗಳಿಗೊಮ್ಮೆ ಬರುತ್ತದಾ, ಕೊನೆಗೆ ರಿಪೋರ್ಟ್ ಕೊಟ್ಟ ಮೇಲಾ? ಕೊನೆಗೆ ಅಂದರೆ ಎರಡು ತಿಂಗಳ ಊಟ-ಬಾಡಿಗೆ ಮೊದಲೇ ಕೈಯಲ್ಲಿರಬೇಕು. ಕ್ಯಾಂಪಸ್‌ನಲ್ಲಿ ಹಾಸ್ಟೆಲ್ ಸಿಗುತ್ತದಾ? ಇಲ್ಲ ಅಂದರೆ ಬೆಂಗಳೂರಿನ ಪಿಜಿ ಬಾಡಿಗೆ ನಿಮ್ಮ ಸ್ಟೈಪೆಂಡ್‌ನ ದೊಡ್ಡ ಪಾಲು ನುಂಗುತ್ತದೆ.

ಮೂರನೆಯದನ್ನು ಯಾರೂ ಕೇಳುವುದಿಲ್ಲ, ಮೊದಲ ವಾರದಲ್ಲೇ ಪೇಚಾಡುತ್ತಾರೆ: ಭಾನುವಾರ ಹುಳಗಳಿಗೆ ಮೇವು ಹಾಕುವವರು ಯಾರು?